ಉಚಿತ ಕ್ಯಾಡ್ ತಂತ್ರಾಂಶದ ಆಯ್ಕೆ: ಟ್ರಯಲ್ ಶುರುವಾಗುವ ಮುನ್ನ, ಮುಗಿಯುವ ಮುನ್ನ

ಮನೆ ಕಟ್ಟುವವರಿಗೆ ಪ್ಲಾನ್ ಬಿಡಿಸಿಕೊಡುವ ಡ್ರಾಫ್ಟ್ಸ್‌ಮನ್, ಗೇಟು-ಗ್ರಿಲ್ ಮಾಡುವ ಸಣ್ಣ ವರ್ಕ್‌ಶಾಪಿನ ಮಾಲೀಕರು, ಡಿಪ್ಲೊಮಾ ಓದುವ ವಿದ್ಯಾರ್ಥಿ, 3ಡಿ ಪ್ರಿಂಟರ್ ಕೊಂಡ ಹವ್ಯಾಸಿ, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಹಣ ಕೊಡದೆ ಸಿಗುವ ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ, ಮಾದರಿ ಬಿಡಿಸುವ) ತಂತ್ರಾಂಶಗಳಲ್ಲಿ ಯಾವುದು ಒಳ್ಳೆಯದು? ಇಷ್ಟಕ್ಕೇ ಉತ್ತರ ಹೇಳಲು ಬರುವುದಿಲ್ಲ. ಬಿಡಿಸಿದ ನಕ್ಷೆ ಯಾರ ಕೈಸೇರಬೇಕು, ಅದರಿಂದ ಸಂಪಾದನೆ ಇದೆಯೇ, ಐದು ವರ್ಷದ ನಂತರವೂ ಆ ಕಡತ ತೆರೆಯಬೇಕೇ ಎಂಬ ಮೂರು ಸಂಗತಿ ಗೊತ್ತಾದ ಮೇಲೆ ಆಯ್ಕೆ ತಾನಾಗಿಯೇ ಎರಡು ಮೂರು ಹೆಸರುಗಳಿಗೆ ಇಳಿಯುತ್ತದೆ. ಸೌಲಭ್ಯಗಳ ಪಟ್ಟಿಯನ್ನು ಹೋಲಿಸುತ್ತ ಕೂರುವುದಕ್ಕಿಂತ ಈ ಕ್ರಮದಲ್ಲಿ ಸಾಗುವುದರಿಂದ ಹೆಚ್ಚು ಪ್ರಯೋಜನವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 1: ನಕ್ಷೆ ಯಾರಿಗೆ, ಯಾವ ರೂಪದಲ್ಲಿ ಹೋಗಬೇಕು?

ತಂತ್ರಾಂಶದ ಹೆಸರು ಹುಡುಕುವ ಮೊದಲು, ನಿಮ್ಮಿಂದ ಕಡತ ಪಡೆಯುವವರಿಗೆ ಒಂದು ಫೋನ್ ಮಾಡಿ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಲೇಸರ್ ಕಟಿಂಗ್ ಅಂಗಡಿಗೆ ತಗಡಿನ ಕೆಲಸ ಕೊಡುವುದಾದರೆ ಅವರು ಸಾಮಾನ್ಯವಾಗಿ ಡಿಎಕ್ಸ್‌ಎಫ್ ಕಡತ ಕೇಳುತ್ತಾರೆ. ಇನ್ನೊಬ್ಬ ವಿನ್ಯಾಸಕಾರರಿಗೆ ಯಂತ್ರದ ಬಿಡಿಭಾಗದ 3ಡಿ ಮಾದರಿ ಕೊಡಬೇಕಿದ್ದರೆ ಸ್ಟೆಪ್ ಕಡತ ಬೇಕು. 3ಡಿ ಪ್ರಿಂಟಿಗೆ ಎಸ್‌ಟಿಎಲ್ ಸಾಕಾಗುತ್ತದೆ. ಮೇಸ್ತ್ರಿಗೆ ಅಥವಾ ಮನೆ ಮಾಲೀಕರಿಗೆ ತೋರಿಸುವುದಷ್ಟೇ ಆದರೆ ಅಳತೆಗೆ ಸರಿಯಾಗಿ ಪ್ರಿಂಟಾಗುವ ಪಿಡಿಎಫ್ ಸಾಕು. ನಗರ ಸ್ಥಳೀಯ ಸಂಸ್ಥೆಯ ಆನ್‌ಲೈನ್ ನಕ್ಷೆ ಅನುಮೋದನೆಗೆ ಸಲ್ಲಿಸುವವರು ಮಾತ್ರ ಬೇರೆ ದಾರಿಯಲ್ಲಿ ಯೋಚಿಸಬೇಕು. ಅಲ್ಲಿ ಕಡತದ ನಮೂನೆಯ ಜೊತೆಗೆ ಲೇಯರುಗಳ (ನಕ್ಷೆಯ ಪದರಗಳ) ಹೆಸರು, ಬಣ್ಣ, ಮುಚ್ಚಿದ ಪಾಲಿಲೈನ್‌ಗಳು (ಸುತ್ತಿ ಬಂದು ಕೂಡುವ ಜೋಡಿಸಿದ ಗೆರೆಗಳು) ಕೂಡ ನಿಗದಿತ ರೀತಿಯಲ್ಲೇ ಇರಬೇಕೆಂದು ಕೇಳುವುದುಂಟು, ಆದ್ದರಿಂದ ಆ ಸಂಸ್ಥೆ ಪ್ರಕಟಿಸಿರುವ ಸೂಚನೆಗಳನ್ನು ಓದಿದ ನಂತರವೇ ತಂತ್ರಾಂಶ ನಿರ್ಧರಿಸಬೇಕು.

ಡಿಡಬ್ಲ್ಯುಜಿ ಮತ್ತು ಡಿಎಕ್ಸ್‌ಎಫ್ ನಡುವಣ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಎರಡೂ ಆಟೋಡೆಸ್ಕ್ ಕಂಪನಿಯ ಆಟೋಕ್ಯಾಡ್ ತಂತ್ರಾಂಶದಿಂದ ಬಂದ ಕಡತದ ನಮೂನೆಗಳು, ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಡಿಡಬ್ಲ್ಯುಜಿ ಆ ತಂತ್ರಾಂಶದ ಸ್ವಂತ ನಮೂನೆ, ಅದರ ಒಳರಚನೆಯನ್ನು ಕಂಪನಿ ಬಹಿರಂಗಪಡಿಸಿಲ್ಲ. ಡಿಎಕ್ಸ್‌ಎಫ್ ಬೇರೆ ತಂತ್ರಾಂಶಗಳೊಡನೆ ನಕ್ಷೆ ವಿನಿಮಯ ಮಾಡಿಕೊಳ್ಳಲೆಂದೇ ರೂಪಿಸಿದ್ದು, ಅದರ ವಿವರಣೆ ಪ್ರಕಟವಾಗಿದೆ. ಉಚಿತ ತಂತ್ರಾಂಶಗಳಲ್ಲಿ ಹೆಚ್ಚಿನವು ಡಿಎಕ್ಸ್‌ಎಫ್ ಅನ್ನು ಚೆನ್ನಾಗಿ ನಿಭಾಯಿಸಿ, ಡಿಡಬ್ಲ್ಯುಜಿ ಬಂದಾಗ ತಡವರಿಸುವುದಕ್ಕೆ ಕಾರಣ ಇದೇ.

ನಿಮಗೆ ಬರುವ ಡಿಡಬ್ಲ್ಯುಜಿ ಕಡತ ಯಾವ ಕಾಲದ್ದೆಂದು ತಿಳಿಯಲು ಯಾವ ಕ್ಯಾಡ್ ತಂತ್ರಾಂಶವೂ ಬೇಕಿಲ್ಲ. ಕಡತದ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆಯ ತುಂಬ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ, ಆದರೆ ಮೊದಲ ಆರು ಅಕ್ಷರಗಳು ಸ್ಪಷ್ಟವಾಗಿರುತ್ತವೆ. ಎಸಿ1015 ಎಂದಿದ್ದರೆ ಅದು 2000ದ ನಮೂನೆ, ಎಸಿ1018 ಎಂದರೆ 2004, ಎಸಿ1021 ಎಂದರೆ 2007, ಎಸಿ1024 ಎಂದರೆ 2010, ಎಸಿ1027 ಎಂದರೆ 2013, ಎಸಿ1032 ಎಂದರೆ 2018. ಏನನ್ನೂ ಸೇವ್ ಮಾಡದೆ ಮುಚ್ಚಿಬಿಡಿ. ನಿಮ್ಮ ಗ್ರಾಹಕರು ಕಳಿಸಿದ ನಾಲ್ಕಾರು ಕಡತಗಳನ್ನು ಹೀಗೆ ನೋಡಿದರೆ, ಉಚಿತ ತಂತ್ರಾಂಶ ಯಾವ ಆವೃತ್ತಿಯವರೆಗೆ ಓದಬಲ್ಲದಾಗಿರಬೇಕು ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಡಿಡಬ್ಲ್ಯುಜಿ ನೋಡಿ, ಪ್ರಿಂಟ್ ತೆಗೆದು, ಹಳೆಯ ನಮೂನೆಗೆ ಬದಲಿಸುವುದಷ್ಟೇ ನಿಮ್ಮ ಅಗತ್ಯವಾದರೆ ಮುಂದೆ ಓದುವ ಅಗತ್ಯವೇ ಇಲ್ಲದಿರಬಹುದು. ಆಟೋಡೆಸ್ಕ್ ಕಂಪನಿಯೇ ಕೊಡುವ ಡಿಡಬ್ಲ್ಯುಜಿ ಟ್ರೂವ್ಯೂ ವಿಂಡೋಸ್‌ನಲ್ಲಿ ಈ ಮೂರನ್ನೂ ಉಚಿತವಾಗಿ ಮಾಡುತ್ತದೆ. ಒಂದು ಫೋಲ್ಡರ್ ತುಂಬ ಇರುವ ಕಡತಗಳನ್ನು ಒಟ್ಟಿಗೆ ಡಿಎಕ್ಸ್‌ಎಫ್‌ಗೆ ಬದಲಿಸಬೇಕಿದ್ದರೆ ಓಪನ್ ಡಿಸೈನ್ ಅಲಯನ್ಸ್ ಎಂಬ ಸಂಸ್ಥೆ ಉಚಿತವಾಗಿ ನೀಡುವ ಒಡಿಎ ಫೈಲ್ ಕನ್ವರ್ಟರ್ ಇದೆ. ಯಾವ ಫೋಲ್ಡರಿನಿಂದ ಓದಬೇಕು, ಯಾವುದಕ್ಕೆ ಬರೆಯಬೇಕು, ಯಾವ ವರ್ಷದ ನಮೂನೆ ಬೇಕು ಎಂದು ತಿಳಿಸಿದರೆ ಸಾಕು.

ಹಂತ 2: ‘ಉಚಿತ’ ಎಂದರೆ ಯಾವ ಬಗೆಯ ಉಚಿತ?

ತಪ್ಪು ಆಯ್ಕೆಗಳು ಹೆಚ್ಚಾಗಿ ನಡೆಯುವುದು ಈ ಹಂತದಲ್ಲಿಯೇ. ಒಂದೇ ‘ಫ್ರೀ’ ಎಂಬ ಮಾತಿನಡಿ ಪರಸ್ಪರ ಸಂಬಂಧವೇ ಇಲ್ಲದ ನಾಲ್ಕು ವ್ಯವಸ್ಥೆಗಳು ಇವೆ, ಅವುಗಳ ಷರತ್ತುಗಳನ್ನು ಬೇರೆ ಬೇರೆಯಾಗಿ ಓದಬೇಕು.

ಮೊದಲನೆಯದು ಓಪನ್ ಸೋರ್ಸ್, ಅಂದರೆ ಆಕರ ಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶ. ಲಿಬ್ರೆಕ್ಯಾಡ್, ಕ್ಯೂಕ್ಯಾಡ್‌ನ ಕಮ್ಯುನಿಟಿ ಆವೃತ್ತಿ, ಫ್ರೀಕ್ಯಾಡ್, ಓಪನ್‌ಎಸ್‌ಕ್ಯಾಡ್ ಈ ಗುಂಪಿಗೆ ಸೇರುತ್ತವೆ. ಇವುಗಳ ಜಿಪಿಎಲ್, ಎಲ್‌ಜಿಪಿಎಲ್ ಪರವಾನಗಿಗಳು ತಂತ್ರಾಂಶದ ಆಕರ ಸಂಕೇತಕ್ಕೆ ಸಂಬಂಧಿಸಿದವು, ನೀವು ಬಿಡಿಸಿದ ನಕ್ಷೆ ಸಂಪೂರ್ಣವಾಗಿ ನಿಮ್ಮದೇ. ಅದನ್ನು ಮಾರಬಹುದು, ಅದರಿಂದ ಸಂಪಾದಿಸಬಹುದು, ಎಷ್ಟು ಕಂಪ್ಯೂಟರಿಗೆ ಬೇಕಾದರೂ ತಂತ್ರಾಂಶ ಹಾಕಿಕೊಳ್ಳಬಹುದು. ಇಂದು ಇಳಿಸಿಕೊಂಡ ಆವೃತ್ತಿಯನ್ನು ನಾಳೆ ಯಾರೂ ನಿಲ್ಲಿಸಲು ಬರುವುದಿಲ್ಲ.

ಎರಡನೆಯದು ಕಂಪನಿಗಳು ಹವ್ಯಾಸಿಗಳಿಗೆಂದು ಕೊಡುವ ಉಚಿತ ಆವೃತ್ತಿ. ಆಟೋಡೆಸ್ಕ್ ಫ್ಯೂಷನ್‌ನ ವೈಯಕ್ತಿಕ ಬಳಕೆಯ ಪರವಾನಗಿ ಇದಕ್ಕೆ ಒಳ್ಳೆಯ ಉದಾಹರಣೆ. ತಂತ್ರಾಂಶ ಬಹಳ ಸಮರ್ಥವಾದುದು, ಆದರೆ ಒಮ್ಮೆಗೆ 10 ಕಡತಗಳನ್ನು ಮಾತ್ರ ತಿದ್ದುವ ಸ್ಥಿತಿಯಲ್ಲಿ ಇಟ್ಟುಕೊಳ್ಳಬಹುದು, ಡ್ರಾಯಿಂಗಿನಲ್ಲಿ ಒಂದೇ ಹಾಳೆಗೆ ಅವಕಾಶ, ವಾಣಿಜ್ಯ ಕೆಲಸಕ್ಕೆ ಅನುಮತಿಯಿಲ್ಲ, ವರ್ಷದ ಸಂಪಾದನೆ 1,000 ಡಾಲರ್ ಒಳಗಿರಬೇಕೆಂಬ ಮಿತಿಯೂ ಇದೆ. ಬ್ರೌಸರಿನಲ್ಲಿಯೇ ನಡೆಯುವ ಆನ್‌ಶೇಪ್‌ನ ಉಚಿತ ಯೋಜನೆಯಲ್ಲಿ ನೀವು ರಚಿಸಿದ ಕಡತಗಳೆಲ್ಲ ಸಾರ್ವಜನಿಕ, ಯಾರು ಬೇಕಾದರೂ ಹುಡುಕಿ ನೋಡಬಹುದು. ಕಲಿಯುವವರಿಗೆ ಇದರಿಂದ ತೊಂದರೆಯಿಲ್ಲ, ಗ್ರಾಹಕರ ಹೊಸ ಉತ್ಪನ್ನದ ವಿನ್ಯಾಸವನ್ನು ಮಾತ್ರ ಅಲ್ಲಿಡಬಾರದು. ಸ್ಕೆಚ್‌ಅಪ್ ಫ್ರೀ ಕೂಡ ಬ್ರೌಸರಿನಲ್ಲಿ ಮಾತ್ರ ನಡೆಯುತ್ತದೆ, ಅದೂ ವಾಣಿಜ್ಯೇತರ ಬಳಕೆಗೆ.

ಈ ಎರಡನೆಯ ಬಗೆಯನ್ನು ವೃತ್ತಿಯ ಆಧಾರವಾಗಿ ನೆಚ್ಚಿಕೊಳ್ಳಬಾರದೆಂದು ಹೇಳಲು ಡ್ರಾಫ್ಟ್‌ಸೈಟ್‌ನ ಕಥೆಯೊಂದೇ ಸಾಕು. ಡಿಡಬ್ಲ್ಯುಜಿ ಕಡತಗಳನ್ನು ಚೆನ್ನಾಗಿ ತೆರೆದು ಬರೆಯುತ್ತಿದ್ದ ಅದು ವರ್ಷಗಟ್ಟಲೆ ಉಚಿತವಾಗಿತ್ತು, ಆಟೋಕ್ಯಾಡ್ ಕೊಳ್ಳಲಾಗದ ಅನೇಕ ಸಣ್ಣ ಕಚೇರಿಗಳು ಅದರ ಮೇಲೆಯೇ ನಿಂತಿದ್ದವು. 2019ರ ಆವೃತ್ತಿಯಿಂದ ಅದಕ್ಕೆ ಬೆಲೆ ಬಂತು. ಅಷ್ಟೇ ಆಗಿದ್ದರೆ ಹಳೆಯದನ್ನೇ ಬಳಸಿಕೊಂಡು ಇರಬಹುದಿತ್ತು, ಆದರೆ 2018 ಮತ್ತು ಅದಕ್ಕೂ ಹಿಂದಿನ ಉಚಿತ ಆವೃತ್ತಿಗಳು 2019ರ ಡಿಸೆಂಬರ್ 31ರ ನಂತರ ತೆರೆಯದಂತಾದವು. ಸ್ಕೆಚ್‌ಅಪ್ ವಿಷಯದಲ್ಲಿಯೂ ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ಆವೃತ್ತಿ 2017ಕ್ಕೇ ಕೊನೆಯಾಯಿತು. ಕಂಪನಿಗಳಿಗೆ ಹಾಗೆ ಮಾಡುವ ಹಕ್ಕು ಖಂಡಿತ ಇದೆ. ಅವುಗಳ ನಿರ್ಧಾರಕ್ಕೆ ನಮ್ಮ ಹಳೆಯ ಕೆಲಸವನ್ನೆಲ್ಲ ಒತ್ತೆಯಿಡಬಾರದು ಎಂಬುದಷ್ಟೇ ನನ್ನ ಕಾಳಜಿ.

ಮೂರನೆಯದು ವಿದ್ಯಾರ್ಥಿ ಆವೃತ್ತಿ. ಆಟೋಡೆಸ್ಕ್ ತನ್ನ ತಂತ್ರಾಂಶಗಳನ್ನು ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಒಂದೊಂದು ವರ್ಷದ ಅವಧಿಗೆ, ಅರ್ಹತೆ ಪರಿಶೀಲಿಸಿ, ಉಚಿತವಾಗಿ ಕೊಡುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪರಿಚಿತವಾಗಿರುವ ಸಾಲಿಡ್ ಎಡ್ಜ್‌ಗೂ ವಿದ್ಯಾರ್ಥಿ ಆವೃತ್ತಿ ಇದೆ. ಇವು ಕಲಿಕೆಗೆ ಅತ್ಯುತ್ತಮವಾದವು, ಓದುತ್ತಿರುವವರು ಸಂಕೋಚವಿಲ್ಲದೆ ಪಡೆದುಕೊಳ್ಳಲಿ. ಆದರೆ ಇವುಗಳಿಂದ ಹಣದ ಕೆಲಸ ಮಾಡುವುದು ಪರವಾನಗಿಗೆ ವಿರುದ್ಧ. ಜೊತೆಗೆ, ಸಾಲಿಡ್ ಎಡ್ಜ್‌ನ ವಿದ್ಯಾರ್ಥಿ ಆವೃತ್ತಿಯಲ್ಲಿ ಉಳಿಸಿದ ಕಡತ ಅದರ ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ ಎಂಬುದನ್ನು ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳು ನೆನಪಿಡಬೇಕು.

ನಾಲ್ಕನೆಯದು ಟ್ರಯಲ್. ಇದು ಕೊಳ್ಳುವ ಮೊದಲು ಪರೀಕ್ಷಿಸಲು ಕೊಟ್ಟ ಅವಧಿ. ಕೊಳ್ಳುವ ಯೋಚನೆಯೇ ಇಲ್ಲದವರಿಗೆ ಇದರಿಂದ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು, ಏಕೆಂದರೆ ಕೈ ಒಂದು ತಂತ್ರಾಂಶಕ್ಕೆ ಪಳಗುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ.

ಈ ನಾಲ್ಕೂ ಅಲ್ಲದ ಐದನೆಯದೊಂದು ಎಲ್ಲರ ಬಾಯಲ್ಲೂ ಇದೆ, ಅದು ‘ಕ್ರ್ಯಾಕ್’. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸುವುದಕ್ಕೆ 7 ದಿನಗಳಿಂದ 3 ವರ್ಷಗಳವರೆಗೆ ಜೈಲು ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಕಾನೂನಿನ ಮಾತು ಒಂದೆಡೆಯಿರಲಿ, ಆ್ಯಂಟಿವೈರಸ್ ಆರಿಸಿ ಓಡಿಸಬೇಕಾದ ಕಡತವನ್ನು ಗ್ರಾಹಕರ ನಕ್ಷೆಗಳಿರುವ ಕಂಪ್ಯೂಟರಿಗೆ ಬಿಟ್ಟುಕೊಳ್ಳುವುದು ವಿವೇಕವಲ್ಲ. ಆಟೋಕ್ಯಾಡ್ ನಕ್ಷೆಗಳನ್ನೇ ಕದ್ದು ಇಮೇಲಿನಲ್ಲಿ ಹೊರಗೆ ಕಳಿಸುತ್ತಿದ್ದ ಮೆಡ್ರೆ ಎಂಬ ಹುಳು 2012ರಲ್ಲಿ ಪತ್ತೆಯಾಗಿತ್ತು. ಇಷ್ಟೊಳ್ಳೆಯ ಉಚಿತ ತಂತ್ರಾಂಶಗಳಿರುವಾಗ ಆ ದಾರಿಯ ಅಗತ್ಯವೇ ಇಲ್ಲ.

ಹಂತ 3: ಕೆಲಸಕ್ಕೆ ತಕ್ಕಂತೆ ಎರಡು ಹೆಸರು ಆರಿಸಿ

2ಡಿ ನಕ್ಷೆಗಳಷ್ಟೇ ನಿಮ್ಮ ಕೆಲಸವಾದರೆ ಲಿಬ್ರೆಕ್ಯಾಡ್ ಅಥವಾ ಕ್ಯೂಕ್ಯಾಡ್ ಸಾಕು. ಲಿಬ್ರೆಕ್ಯಾಡ್ ಹುಟ್ಟಿದ್ದೇ ಕ್ಯೂಕ್ಯಾಡ್‌ನ ಕಮ್ಯುನಿಟಿ ಆವೃತ್ತಿಯಿಂದ, ಆದ್ದರಿಂದ ಎರಡರ ನಡವಳಿಕೆಯಲ್ಲಿ ಹೋಲಿಕೆಯಿದೆ. ಲಿಬ್ರೆಕ್ಯಾಡ್ ಹಗುರವಾದುದು, ಹಳೆಯ ಕಂಪ್ಯೂಟರಿನಲ್ಲಿಯೂ ಸರಾಗವಾಗಿ ನಡೆಯುತ್ತದೆ, ಡಿಎಕ್ಸ್‌ಎಫ್ ಬರೆಯುತ್ತದೆ, ಡಿಡಬ್ಲ್ಯುಜಿಯನ್ನು ಒಂದು ಮಟ್ಟಿಗೆ ಓದುತ್ತದೆ, ಆದರೆ ಡಿಡಬ್ಲ್ಯುಜಿಯಾಗಿ ಬರೆಯುವುದಿಲ್ಲ. ಕ್ಯೂಕ್ಯಾಡ್ ಇಳಿಸಿಕೊಂಡಾಗ ಅದರೊಳಗೆ ಹಣ ಕೊಡಬೇಕಾದ ಪ್ರೊಫೆಷನಲ್ ಆವೃತ್ತಿಯ ಟ್ರಯಲ್ ಸೇರಿಕೊಂಡಿರುತ್ತದೆ, ಅದು 15 ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಇದನ್ನು ಕಂಡು ಕ್ಯೂಕ್ಯಾಡ್ ಉಚಿತವೇ ಅಲ್ಲವೆಂದು ತೆಗೆದುಹಾಕಬೇಡಿ. ತೆರೆಯುವ ಪುಟದಲ್ಲಿರುವ ಗುಂಡಿಯಿಂದ ಆ ಟ್ರಯಲ್ ಭಾಗವನ್ನು ತೆಗೆದರೆ ಉಳಿಯುವುದು ಅವಧಿಯ ಮಿತಿಯಿಲ್ಲದ ಕಮ್ಯುನಿಟಿ ಆವೃತ್ತಿ. ಡಿಡಬ್ಲ್ಯುಜಿ ಬೆಂಬಲ ಮಾತ್ರ ಪ್ರೊಫೆಷನಲ್ ಭಾಗಕ್ಕೆ ಸೇರಿದ್ದು.

3ಡಿ ವಿನ್ಯಾಸಕ್ಕೆ ನಾನು ಹೇಳುವ ಮೊದಲ ಹೆಸರು ಫ್ರೀಕ್ಯಾಡ್. 2002ರಿಂದ ಬೆಳೆದುಬಂದ ಈ ತಂತ್ರಾಂಶ 2024ರ ನವೆಂಬರಿನಲ್ಲಿ 1.0 ಆವೃತ್ತಿ ತಲುಪಿತು. ಅದಕ್ಕೆ ಮುಂಚೆ ಒಂದು ದೊಡ್ಡ ತೊಡಕಿತ್ತು: ಮೊದಲು ಬಿಡಿಸಿದ ಸ್ಕೆಚ್ಚಿನಲ್ಲಿ ಚಿಕ್ಕ ಬದಲಾವಣೆ ಮಾಡಿದರೂ ಮಾದರಿಯ ಮುಖಗಳ ಒಳಹೆಸರುಗಳು ಪಲ್ಲಟವಾಗಿ, ಮುಂದೆ ಕೊರೆದ ರಂಧ್ರ, ದುಂಡಗೆ ಮಾಡಿದ ಅಂಚುಗಳೆಲ್ಲ ಬೇರೆಡೆಗೆ ಹಾರುತ್ತಿದ್ದವು ಅಥವಾ ಮುರಿಯುತ್ತಿದ್ದವು. 1.0ರಲ್ಲಿ ಈ ಸಮಸ್ಯೆ ಬಹುಮಟ್ಟಿಗೆ ಹತೋಟಿಗೆ ಬಂದಿದೆ, ಬಿಡಿಭಾಗಗಳನ್ನು ಜೋಡಿಸುವ ಅಸೆಂಬ್ಲಿ ವಿಭಾಗವೂ ಕಟ್ಟಡಗಳ ಮಾದರಿ ರಚಿಸುವ ಬಿಐಎಂ ವಿಭಾಗವೂ ಅದರೊಳಗೇ ಸೇರಿವೆ. ಹಿಂದೆ ಒಮ್ಮೆ ಪ್ರಯತ್ನಿಸಿ ಬೇಸತ್ತು ಬಿಟ್ಟವರು ಮತ್ತೊಮ್ಮೆ ನೋಡಲು ಇದು ಸರಿಯಾದ ಕಾಲ. ಮೊದಲ ಕೆಲವು ದಿನ ಕಷ್ಟವೆನಿಸುವುದು ನಿಜ, ಏಕೆಂದರೆ ಕೆಲಸಕ್ಕೆ ತಕ್ಕಂತೆ ವರ್ಕ್‌ಬೆಂಚ್ (ಒಂದೊಂದು ಕೆಲಸದ ಸಲಕರಣೆಗಳ ಗುಂಪು) ಬದಲಿಸಿಕೊಳ್ಳುವ ಕ್ರಮ ಅದರದು. ಮೊದಲಿಗೆ ಸ್ಕೆಚರ್, ಪಾರ್ಟ್‌ಡಿಸೈನ್, ಟೆಕ್‌ಡ್ರಾ ಎಂಬ ಮೂರನ್ನಷ್ಟೇ ಕಲಿತು ಉಳಿದವನ್ನು ಸದ್ಯಕ್ಕೆ ಬದಿಗಿಡಿ.

ಶಾಲೆಯ ಮಕ್ಕಳಿಗೆ ಬ್ರೌಸರಿನಲ್ಲೇ ನಡೆಯುವ ಟಿಂಕರ್‌ಕ್ಯಾಡ್ ಸಾಕು. ದಿನವೂ ಡಿಡಬ್ಲ್ಯುಜಿ ಪಡೆದು, ತಿದ್ದಿ, ಡಿಡಬ್ಲ್ಯುಜಿಯಾಗಿಯೇ ಹಿಂತಿರುಗಿಸಬೇಕಾದ ಕಚೇರಿಗಳು ಮಾತ್ರ ಉಚಿತವಾದುದನ್ನೇ ಹಿಡಿದು ಹೋರಾಡದೆ, ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್ ಮುಂತಾದವುಗಳ ಟ್ರಯಲ್ ಪಡೆದು ನೋಡುವುದು ಒಳ್ಳೆಯದು. ಇವೆರಡರಲ್ಲೂ ವರ್ಷವರ್ಷವೂ ಕಟ್ಟಬೇಕಿಲ್ಲದ ಶಾಶ್ವತ ಪರವಾನಗಿಯನ್ನು ಒಮ್ಮೆಗೇ ಕೊಳ್ಳುವ ಅವಕಾಶ ಇದೆ.

ಹಂತ 4: ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ

ಹುಡುಕಾಟದಲ್ಲಿ ಮೊದಲು ಕಾಣುವುದು ಅಧಿಕೃತ ತಾಣವೇ ಆಗಿರಬೇಕೆಂದಿಲ್ಲ, ಜಾಹೀರಾತೂ ಆಗಿರಬಹುದು. ಫ್ರೀಕ್ಯಾಡ್ ಡಾಟ್ ಆರ್ಗ್, ಲಿಬ್ರೆಕ್ಯಾಡ್ ಡಾಟ್ ಆರ್ಗ್, ಕ್ಯೂಕ್ಯಾಡ್ ಡಾಟ್ ಆರ್ಗ್ ಎಂದು ವಿಳಾಸವನ್ನು ನೀವೇ ಟೈಪ್ ಮಾಡಿ. ಇಳಿಸಿಕೊಂಡ ಕಡತವನ್ನು ಅಳಿಸದೆ ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಕಂಪ್ಯೂಟರ್ ಕೆಟ್ಟಾಗ ಅದೇ ಆವೃತ್ತಿ ಮತ್ತೆ ಸಿಗುತ್ತದೆ. ನೆಟ್ ಸರಿಯಾಗಿ ಇಲ್ಲದ ಊರಿನವರು ಬ್ರೌಸರಿನಲ್ಲಿ ಅಥವಾ ಲಾಗಿನ್ ಮೂಲಕ ಮಾತ್ರ ನಡೆಯುವ ತಂತ್ರಾಂಶಗಳನ್ನು ಈ ಹಂತದಲ್ಲೇ ಕೈಬಿಡಬೇಕು.

ಹಂತ 5: ನಿಮ್ಮದೇ ನಕ್ಷೆಯಿಂದ ಪರೀಕ್ಷೆ ಮಾಡಿ

ತಂತ್ರಾಂಶದೊಡನೆ ಬರುವ ಮಾದರಿ ಕಡತಗಳು ಯಾವಾಗಲೂ ಚೆನ್ನಾಗಿಯೇ ತೆರೆಯುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ನೀವು ಈಗಾಗಲೇ ಮಾಡಿರುವ, ಅಳತೆಗಳು ಬಾಯಿಪಾಠವಾಗಿರುವ ಒಂದು ಸಾಧಾರಣ ಕೆಲಸ ಆರಿಸಿಕೊಳ್ಳಿ. ಉದಾಹರಣೆಗೆ 30×40 ಅಡಿ ನಿವೇಶನದ ನೆಲಮಹಡಿ ಪ್ಲಾನ್. ಅದರ ಹೊರಗಡಿ 9,144 × 12,192 ಮಿಲಿಮೀಟರ್, ವಿಸ್ತೀರ್ಣ 1,200 ಚದರಡಿ, ಅಂದರೆ ಸುಮಾರು 111.48 ಚದರ ಮೀಟರ್.

ಮೊದಲು ಇದನ್ನು ಸೊನ್ನೆಯಿಂದ ಬಿಡಿಸಿ. ಗೋಡೆ, ಬಾಗಿಲು, ಕಿಟಕಿ, ಅಳತೆಗಳಿಗೆ ಬೇರೆ ಬೇರೆ ಲೇಯರ್ ಇರಲಿ. ಬಾಗಿಲನ್ನು ಬ್ಲಾಕ್ (ಮತ್ತೆ ಮತ್ತೆ ಬಳಸಬಹುದಾದ ಒಂದೇ ಚಿತ್ರಘಟಕ) ಮಾಡಿ ನಾಲ್ಕು ಕಡೆ ಇಡಿ, ಗೋಡೆಗೆ ಹ್ಯಾಚ್ (ಓರೆಗೆರೆಗಳ ತುಂಬು ವಿನ್ಯಾಸ) ತುಂಬಿ, ಅಳತೆ ಹಾಕಿ, ಎ3 ಹಾಳೆಗೆ 1:100 ಪ್ರಮಾಣದಲ್ಲಿ ಪಿಡಿಎಫ್ ಮಾಡಿ. ಪ್ರಿಂಟ್ ತೆಗೆದು ಸ್ಕೇಲ್‌ಪಟ್ಟಿಯಿಂದ ಅಳೆದಾಗ 30 ಅಡಿಯ ಗೆರೆ ಹಾಳೆಯ ಮೇಲೆ 91.4 ಮಿಲಿಮೀಟರ್ ಬರಬೇಕು. ಬಾರದಿದ್ದರೆ ತಪ್ಪು ಪ್ರಿಂಟರಿನ ‘ಹಾಳೆಗೆ ಹೊಂದಿಸು’ ಆಯ್ಕೆಯದೋ ತಂತ್ರಾಂಶದ್ದೋ ಎಂದು ನೋಡಿ.

ಆನಂತರ ಅದನ್ನು ಡಿಎಕ್ಸ್‌ಎಫ್ ಆಗಿ ಉಳಿಸಿ ಇನ್ನೊಂದು ತಂತ್ರಾಂಶದಲ್ಲಿ ತೆರೆಯಿರಿ, ಟ್ರೂವ್ಯೂ ಇದಕ್ಕೆ ಅನುಕೂಲಕರ. ಇಲ್ಲಿ ನೋಡಬೇಕಾದ ಮುಖ್ಯ ಸಂಗತಿ ಅಳತೆಯ ಮಾನ. ಡಿಎಕ್ಸ್‌ಎಫ್‌ನ ಹಳೆಯ ಆರ್12 ನಮೂನೆಯಲ್ಲಿ ಮಾನದ ಉಲ್ಲೇಖವೇ ಇರುವುದಿಲ್ಲ, ಬರಿಯ ಸಂಖ್ಯೆಗಳಿರುತ್ತವೆ. ನೀವು ಇಂಚಿನಲ್ಲಿ ಬಿಡಿಸಿದ ತಗಡು ಅಂಗಡಿಯವರ ಯಂತ್ರದಲ್ಲಿ ಮಿಲಿಮೀಟರ್ ಎಂದು ಓದಿಕೊಂಡರೆ ವಸ್ತು 25.4 ಪಟ್ಟು ಚಿಕ್ಕದಾಗುತ್ತದೆ, ಅಡಿಯಲ್ಲಿ ಬಿಡಿಸಿದ್ದರೆ 304.8 ಪಟ್ಟು. ಕಟಿಂಗಿಗೆ ಕಳಿಸುವ ಕಡತದ ಮೂಲೆಯಲ್ಲಿ, ಬೇರೆ ಲೇಯರಿನಲ್ಲಿ, 100 ಮಿಲಿಮೀಟರ್ ಬದಿಯ ಒಂದು ಚೌಕ ಬಿಡಿಸಿ ಪಕ್ಕದಲ್ಲಿ ಹಾಗೆಂದು ಬರೆದಿಡುವುದು ಒಳ್ಳೆಯ ರೂಢಿ. ಆರ್12ರಲ್ಲಿ ಎಲಿಪ್ಸ್ (ದೀರ್ಘವೃತ್ತ) ಮತ್ತು ಸ್ಪ್ಲೈನ್ (ನಯವಾದ ಬಾಗುಗೆರೆ) ಕೂಡ ಇಲ್ಲ, ಆದ್ದರಿಂದ ಬಳ್ಳಿಯ ವಿನ್ಯಾಸದ ಗ್ರಿಲ್‌ಗಳು ಚಿಕ್ಕ ಚಿಕ್ಕ ನೇರ ಗೆರೆಗಳಾಗಿ ಒಡೆದಿವೆಯೇ ಎಂದು ದೊಡ್ಡದು ಮಾಡಿ ನೋಡಬೇಕು.

ಕನ್ನಡ ಬರಹದ ಪರೀಕ್ಷೆಯನ್ನು ಯಾರೂ ಹೇಳುವುದಿಲ್ಲ, ನಮಗಾದರೋ ಅದು ಬೇಕೇಬೇಕು. ‘ಕ್ರೀಡಾಂಗಣ’, ‘ಸ್ತ್ರೀ’, ‘ಲಕ್ಷ್ಮೀ ನಿಲಯ’ ಎಂಬ ಪದಗಳನ್ನು ಯುನಿಕೋಡಿನಲ್ಲಿ ಬರೆದು ನೋಡಿ. ಲಿಬ್ರೆಕ್ಯಾಡ್ ತನ್ನದೇ ಗೆರೆಯ ಫಾಂಟುಗಳನ್ನು ಬಳಸುವುದರಿಂದ ಅಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಫ್ರೀಕ್ಯಾಡ್‌ನ ಶೇಪ್‌ಸ್ಟ್ರಿಂಗ್ ಎಂಬ ಬರಹದ ಸಲಕರಣೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತದೆ, ಹೀಗಾಗಿ ‘ಸ್ತ್ರೀ’ ಒಡೆದು ಬಿಡಿಬಿಡಿಯಾಗುತ್ತದೆ. ಮನೆಯ ಹೆಸರಿನ ಫಲಕವನ್ನು ಲೇಸರಿನಲ್ಲಿ ಕತ್ತರಿಸಬೇಕಾದವರಿಗೆ ಒಂದು ಖಚಿತವಾದ ದಾರಿಯಿದೆ: ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ನೋಟೋ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟಿನಿಂದ ಬರೆದು, ಬರಹವನ್ನು ಪಾತ್ ಆಗಿ ಬದಲಿಸಿ, ಡಿಎಕ್ಸ್‌ಎಫ್ ಅಥವಾ ಎಸ್‌ವಿಜಿ ಆಗಿ ಉಳಿಸಿ ಕ್ಯಾಡ್ ತಂತ್ರಾಂಶಕ್ಕೆ ತನ್ನಿ. ಆಗ ಅಕ್ಷರ ಬರಿಯ ಗೆರೆಗಳಾಗಿರುವುದರಿಂದ ಯಾವ ಕಂಪ್ಯೂಟರಿನಲ್ಲಿಯೂ ಕೆಡುವುದಿಲ್ಲ. ನುಡಿಯ ಹಳೆಯ ಆಸ್ಕಿ ಫಾಂಟುಗಳಿಂದ ನಕ್ಷೆಯಲ್ಲಿ ಬರೆಯುವುದನ್ನು ಬಿಟ್ಟುಬಿಡಿ, ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

3ಡಿ ತಂತ್ರಾಂಶವನ್ನು ಪರೀಕ್ಷಿಸುವಾಗ ಒಂದು ಎಲ್ ಆಕಾರದ ಬ್ರ್ಯಾಕೆಟ್ ಮಾಡಿ, ಎರಡು ರಂಧ್ರ ಕೊರೆದು, ಅಂಚು ದುಂಡಗೆ ಮಾಡಿ. ಈಗ ಮೊದಲ ಸ್ಕೆಚ್ಚಿಗೆ ಹಿಂತಿರುಗಿ ಉದ್ದವನ್ನು ಬದಲಿಸಿ. ಮುಂದಿನದೆಲ್ಲ ಅದನ್ನು ಅನುಸರಿಸಿದರೆ ತಂತ್ರಾಂಶವೂ ನಿಮ್ಮ ಕ್ರಮವೂ ಸರಿಯಿವೆ ಎಂದರ್ಥ.

ಹಂತ 6: ಟ್ರಯಲ್ ಅವಧಿಯನ್ನು ಯೋಜಿಸಿ ಬಳಸಿ

ಹೆಚ್ಚಿನ ಟ್ರಯಲ್‌ಗಳಲ್ಲಿ ದಿನದ ಲೆಕ್ಕ ಶುರುವಾದ ದಿನದಿಂದಲೇ ಓಡುತ್ತದೆ, ನೀವು ತಂತ್ರಾಂಶ ತೆರೆದಿರೋ ಇಲ್ಲವೋ ಎಂದು ನೋಡುವುದಿಲ್ಲ. ಆದ್ದರಿಂದ ಹಬ್ಬ, ಪರೀಕ್ಷೆ, ಮದುವೆಗಳ ನಡುವೆ ಅದನ್ನು ಶುರುಮಾಡಬೇಡಿ. ಮೇಲೆ ಹೇಳಿದ ಪರೀಕ್ಷಾ ನಕ್ಷೆ, ಗ್ರಾಹಕರಿಂದ ಬಂದ ಕಷ್ಟದ ಡಿಡಬ್ಲ್ಯುಜಿ ಕಡತಗಳು, ಪ್ರಿಂಟರ್, ಕಲಿಕೆಯ ವಿಡಿಯೊಗಳು ಎಲ್ಲವೂ ಸಿದ್ಧವಾದ ಮೇಲೆಯೇ ಇನ್‌ಸ್ಟಾಲ್ ಮಾಡಿ. ಕಾರ್ಡಿನ ವಿವರ ಕೇಳುವ ಟ್ರಯಲ್ ಆದರೆ ಅವಧಿ ಮುಗಿದೊಡನೆ ತಾನಾಗಿಯೇ ಚಂದಾ ಕಡಿತವಾಗುವುದೇ ಎಂದು ಓದಿ, ರದ್ದುಮಾಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳಿ.

ಟ್ರಯಲ್ ಕಾಲದಲ್ಲಿ ಹಣದ ಕೆಲಸ ಮಾಡಬಹುದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಪರವಾನಗಿಯ ಪತ್ರದಲ್ಲಿ ಅದನ್ನು ನೋಡಿಕೊಂಡೇ ಮುಂದುವರಿಯಿರಿ. ಸ್ವಂತ ನಮೂನೆಯಲ್ಲಿ ಮಾತ್ರ ಉಳಿಸುವ ಅಭ್ಯಾಸ ಬೇಡ. ಪ್ರತಿ ಸಂಜೆ 2ಡಿ ನಕ್ಷೆಯ ಒಂದು ಡಿಎಕ್ಸ್‌ಎಫ್ ಪ್ರತಿ, 3ಡಿ ಮಾದರಿಯ ಒಂದು ಸ್ಟೆಪ್ ಪ್ರತಿ, ಎರಡಕ್ಕೂ ಒಂದು ಪಿಡಿಎಫ್ ತೆಗೆದಿಡಿ. ಸ್ಟೆಪ್ ಕಡತದಲ್ಲಿ ಆಕಾರ ನಿಖರವಾಗಿ ಉಳಿಯುತ್ತದೆ, ಅದನ್ನು ಕಟ್ಟಿದ ಹೆಜ್ಜೆಗಳ ಇತಿಹಾಸ ಮಾತ್ರ ಹೋಗುತ್ತದೆ, ಆದ್ದರಿಂದ ಮುಖ್ಯ ಅಳತೆಗಳನ್ನು ಒಂದು ಹಾಳೆಯಲ್ಲಿ ಬೇರೆಯಾಗಿ ಬರೆದುಕೊಳ್ಳಬೇಕು. ಎಸ್‌ಟಿಎಲ್ ಕಡತವನ್ನು ಮೂಲಪ್ರತಿಯೆಂದು ಎಂದೂ ಭಾವಿಸಬೇಡಿ, ಅದರಲ್ಲಿರುವುದು ತ್ರಿಕೋನಗಳ ಹೊದಿಕೆ ಮಾತ್ರ, ರಂಧ್ರದ ವ್ಯಾಸ ಬದಲಿಸಲು ಅದು ನೆರವಾಗುವುದಿಲ್ಲ.

ಕೊನೆಯ ಎರಡು ದಿನ ಹೊಸದೇನನ್ನೂ ಬಿಡಿಸಬೇಡಿ. ಹೊರತೆಗೆದ ಕಡತಗಳನ್ನು ಲಿಬ್ರೆಕ್ಯಾಡ್ ಅಥವಾ ಫ್ರೀಕ್ಯಾಡ್‌ನಲ್ಲಿ ಒಂದೊಂದಾಗಿ ತೆರೆದು, ಲೇಯರುಗಳು ಉಳಿದಿವೆಯೇ, ಅಳತೆ ಸರಿಯಿದೆಯೇ, ಬ್ಲಾಕುಗಳು ಒಡೆದಿವೆಯೇ ಎಂದು ನೋಡಿ. ಅಲ್ಲಿ ಎಲ್ಲವೂ ಸರಿಯಾಗಿ ತೆರೆದು, ತಿದ್ದಲೂ ಆಗುತ್ತಿದ್ದರೆ ಹಣ ಕೊಡುವ ಅಗತ್ಯ ಬಹುಶಃ ನಿಮಗಿಲ್ಲ. ಕೆಲಸ ಅಲ್ಲಿ ನಿಲ್ಲುತ್ತಿದ್ದರೆ, ಎಲ್ಲಿ ನಿಂತಿತೆಂಬುದನ್ನು ಬರೆದುಕೊಂಡು, ಆ ಒಂದು ಕೊರತೆಯನ್ನು ತುಂಬುವ ಅತಿ ಕಡಿಮೆ ಬೆಲೆಯ ಆವೃತ್ತಿ ಯಾವುದೆಂದು ಮಾರಾಟಗಾರರನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ.